ಕ್ಯಾಡ್ ಫೈಲಿನಲ್ಲಿ ಅಳತೆಯ ಏಕಮಾನ ಮತ್ತು ನಿರ್ದೇಶಾಂಕ: ಕೆಲಸಕ್ಕೆ ಮೊದಲು ಪರಿಶೀಲಿಸುವ ಕ್ರಮ

ಬೇರೆ ಕಚೇರಿಯಿಂದ ಬಂದ ಡಿಡಬ್ಲ್ಯುಜಿ ಫೈಲೊಂದನ್ನು, ಎಂದರೆ ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶದ ಫೈಲನ್ನು, ತೆರೆದು, ಅದರಲ್ಲಿರುವ ಬಾಗಿಲಿನ ಅಗಲವನ್ನು ಡಿಸ್ಟ್ ಆಜ್ಞೆಯಿಂದ ಅಳೆದಾಗ 35.433 ಎಂಬ ಉತ್ತರ ಬಂತೆಂದುಕೊಳ್ಳಿ. ಆ ಸಂಖ್ಯೆಯನ್ನು 25.4ರಿಂದ ಗುಣಿಸಿದರೆ 900 ಸಿಗುತ್ತದೆ. ಎಂದರೆ, 900 ಮಿಲಿಮೀಟರ್ ಅಗಲದ ಬಾಗಿಲನ್ನು ಅಲ್ಲಿ ಇಂಚಿನಲ್ಲಿ ಬರೆಯಲಾಗಿದೆ. ಅದೇ ಬಾಗಿಲು 0.9 ಎಂದು ತೋರಿದ್ದರೆ ಫೈಲು ಮೀಟರಿನಲ್ಲಿದೆ, 90 ಎಂದಿದ್ದರೆ ಸೆಂಟಿಮೀಟರಿನಲ್ಲಿದೆ. ಫೈಲಿನ ಹೆಸರು ಮತ್ತು ಜೊತೆಗೆ ಬಂದ ಪತ್ರ ಏನೇ ಹೇಳಲಿ, ಗೆರೆಯನ್ನೇ ಅಳೆದು ಪಡೆದ ಸಂಖ್ಯೆಯನ್ನು ನಂಬುವುದು ಕ್ಷೇಮ.

ಹೀಗೆ ಅಳೆಯುವಾಗ ನಕ್ಷೆಯ ಮೇಲೆ ಬರೆದಿರುವ ಡೈಮೆನ್ಷನ್ ಅಕ್ಷರಗಳನ್ನು ಆಧಾರವಾಗಿ ಹಿಡಿಯಬಾರದು. ಡೈಮೆನ್ಷನ್ ಶೈಲಿಯಲ್ಲಿರುವ ಡಿಮ್‌ಎಲ್‌ಫ್ಯಾಕ್ ಎಂಬ ಗುಣಕವು ಅಳತೆಯನ್ನು ಬೇಕಾದಷ್ಟು ಪಟ್ಟು ಹಿಗ್ಗಿಸಿ ತೋರಿಸಬಲ್ಲದು. ಅಲ್ಲದೆ ಯಾರಾದರೂ ಅಳತೆಯ ಜಾಗದಲ್ಲಿ ಕೈಯಿಂದಲೇ ಒಂದು ಸಂಖ್ಯೆಯನ್ನು ತುಂಬಿರಲೂಬಹುದು. ಉದ್ದ ಖಚಿತವಾಗಿ ಗೊತ್ತಿರುವ ಎರಡು ಮೂರು ವಸ್ತುಗಳನ್ನು, ಸಾಧ್ಯವಾದರೆ ಒಂದನ್ನು ಅಡ್ಡಲಾಗಿ ಮತ್ತೊಂದನ್ನು ಉದ್ದಕ್ಕೆ, ಅಳೆದು ನೋಡಿದರೆ ಸಂಶಯ ಉಳಿಯುವುದಿಲ್ಲ.

ಗೊಂದಲ ಹುಟ್ಟುವುದು ಎಲ್ಲಿ

ಆಟೋಕ್ಯಾಡ್ ಗೆರೆಯ ತುದಿಗಳನ್ನು ಬರಿಯ ಸಂಖ್ಯೆಗಳಾಗಿ ಉಳಿಸಿಕೊಳ್ಳುತ್ತದೆ; ಒಂದು ಯೂನಿಟ್ ಎಂದರೆ ಮಿಲಿಮೀಟರೋ ಅಡಿಯೋ ಎಂಬುದನ್ನು ನಕ್ಷೆ ಬರೆಯುವವರು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿರುತ್ತಾರೆ. ಯೂನಿಟ್ಸ್ ಆಜ್ಞೆಯನ್ನು ಕೊಟ್ಟಾಗ ತೆರೆಯುವ ಕಿಟಕಿಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಕ್ಕಪಕ್ಕದಲ್ಲಿವೆ. ಉದ್ದದ ನಮೂನೆ ಎಂಬುದು ಸಂಖ್ಯೆಯನ್ನು ತೋರಿಸುವ ರೀತಿ ಮಾತ್ರ. ಅದನ್ನು ಡೆಸಿಮಲ್‌ನಿಂದ ಆರ್ಕಿಟೆಕ್ಚರಲ್‌ಗೆ ಬದಲಿಸಿದರೆ ಆಟೋಕ್ಯಾಡ್ ಒಂದು ಯೂನಿಟ್ಟನ್ನು ಒಂದು ಇಂಚೆಂದು ಭಾವಿಸುತ್ತದೆಯಾದ್ದರಿಂದ, ಮಿಲಿಮೀಟರಿನಲ್ಲಿ ಬರೆದ 900ರ ಬಾಗಿಲು 75 ಅಡಿ ಎಂದು ಕಾಣಿಸಿಕೊಳ್ಳುತ್ತದೆ. ಬಾಗಿಲು ಮಾತ್ರ ಒಂದು ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ.

ಅದೇ ಕಿಟಕಿಯಲ್ಲಿರುವ ಇನ್ಸರ್ಷನ್ ಸ್ಕೇಲ್ ಎರಡನೆಯ ಸಂಗತಿ; ಫೈಲಿನ ಏಕಮಾನ ಯಾವುದೆಂದು ಹೇಳುವ ಚೀಟಿ ಇದ್ದಂತೆ. ಇದು ಇನ್ಸ್‌ಯೂನಿಟ್ಸ್ ಎಂಬ ಚರಾಂಶದಲ್ಲಿ ಉಳಿಯುತ್ತದೆ: 1 ಇಂಚು, 2 ಅಡಿ, 4 ಮಿಲಿಮೀಟರ್, 5 ಸೆಂಟಿಮೀಟರ್, 6 ಮೀಟರ್, 0 ಎಂದರೆ ಏಕಮಾನವನ್ನು ಹೇಳಿಲ್ಲ. ಒಂದು ಬ್ಲಾಕನ್ನೋ (ಒಂದೇ ವಸ್ತುವಾಗಿ ಕಟ್ಟಿಟ್ಟ ಗೆರೆಗಳ ಗುಂಪು) ಬೇರೆ ಫೈಲನ್ನೋ ತಂದು ಸೇರಿಸುವಾಗ ಎರಡೂ ಕಡೆಯ ಚೀಟಿಗಳನ್ನು ಹೋಲಿಸಿ, ಬರುವ ವಸ್ತುವನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು ಎಂಬುದನ್ನು ಆಟೋಕ್ಯಾಡ್ ಲೆಕ್ಕ ಹಾಕುತ್ತದೆ. ಚೀಟಿ ಬದಲಾಯಿಸಿದ ಮಾತ್ರಕ್ಕೆ ಈಗಾಗಲೇ ಬರೆದಿರುವ ಗೆರೆಗಳು ಬದಲಾಗುವುದಿಲ್ಲ. ಮಿಲಿಮೀಟರಿನಲ್ಲಿ ಬರೆದ ಫೈಲಿಗೆ ಮೀಟರಿನ ಚೀಟಿ ಅಂಟಿಸಿ ಕಳುಹಿಸಿದರೆ, ಸರಿಯಾಗಿರುವ ಮತ್ತೊಂದು ಮಿಲಿಮೀಟರ್ ಫೈಲಿನೊಳಗೆ ಅದು ಸಾವಿರ ಪಟ್ಟು ದೊಡ್ಡದಾಗಿ ಬಂದು ಕೂರುತ್ತದೆ. ಚೀಟಿ 0 ಆಗಿದ್ದರೆ ಬಳಕೆದಾರರ ಕಂಪ್ಯೂಟರಿನ ಆಯ್ಕೆಗಳಲ್ಲಿರುವ ಮೂಲ ಮತ್ತು ಗುರಿ ಏಕಮಾನಗಳು ಲೆಕ್ಕಕ್ಕೆ ಬರುತ್ತವೆ. ಒಂದೇ ಫೈಲು ಇಬ್ಬರ ಪರದೆಯ ಮೇಲೆ ಎರಡು ಗಾತ್ರದಲ್ಲಿ ಸೇರುವುದಕ್ಕೆ ಬಹುಪಾಲು ಇದೇ ಕಾರಣ. ನನ್ನ ಅಭಿಪ್ರಾಯದಲ್ಲಿ 0 ಇರುವ ಫೈಲನ್ನು ಯಾರಿಗೂ ಕಳುಹಿಸಬಾರದು.

ಗಾತ್ರವನ್ನು ನಿಜವಾಗಿ ಬದಲಿಸಬೇಕಾದರೆ ಸ್ಕೇಲ್ ಆಜ್ಞೆಯೇ ಬೇಕು. ಇಂಚಿನಿಂದ ಮಿಲಿಮೀಟರಿಗೆ 25.4, ಮೀಟರಿನಿಂದ ಮಿಲಿಮೀಟರಿಗೆ 1000. ಇಂಚು ಎಂದರೆ ಸರಿಯಾಗಿ 25.4 ಮಿಲಿಮೀಟರ್ ಎಂದು 1959ರಿಂದ ಒಪ್ಪಿತವಾಗಿರುವುದರಿಂದ ಈ ಗುಣಕವನ್ನು ನೇರವಾಗಿ ಟೈಪ್ ಮಾಡಿ. ಎರಡು ಬಿಂದುಗಳನ್ನು ಕ್ಲಿಕ್ಕಿಸಿ ರೆಫರೆನ್ಸ್ ಆಯ್ಕೆಯಿಂದ ಹೊಂದಿಸುವುದು ಸ್ಕ್ಯಾನ್ ಮಾಡಿದ ಚಿತ್ರಗಳಿಗೆ ಇರಲಿ. ಆಧಾರಬಿಂದುವಾಗಿ 0,0 ಕೊಡುವುದು ಮುಖ್ಯ. ಬೇರೆ ಯಾವುದೋ ಮೂಲೆಯನ್ನು ಆರಿಸಿದರೆ ಗಾತ್ರ ಸರಿಯಾದರೂ ನಿರ್ದೇಶಾಂಕಗಳು, ಎಂದರೆ ಬಿಂದುಗಳ ಸ್ಥಾನ ಹೇಳುವ ಸಂಖ್ಯೆಗಳು, ಕೆಡುತ್ತವೆ. ಎಲ್ಲವನ್ನೂ ಆರಿಸುವ ಆಲ್ ಆಯ್ಕೆ ಫ್ರೀಜ್ (ಮರೆಮಾಡಿದ) ಅಥವಾ ಲಾಕ್ ಆಗಿರುವ ಲೇಯರುಗಳನ್ನು, ಎಂದರೆ ನಕ್ಷೆಯ ಪದರಗಳನ್ನು, ಬಿಟ್ಟುಬಿಡುತ್ತದೆಯಾದ್ದರಿಂದ, ಮೊದಲು ಎಲ್ಲ ಲೇಯರುಗಳನ್ನೂ ತೆರೆದಿಡಬೇಕು. ಆಮೇಲೆ ಇನ್ಸ್‌ಯೂನಿಟ್ಸ್ ತಿದ್ದಿ, ತುಂಡುಗೆರೆಗಳ ಅಳತೆಯನ್ನು ನಿರ್ಧರಿಸುವ ಎಲ್‌ಟಿಸ್ಕೇಲ್ ಮತ್ತು ಡೈಮೆನ್ಷನ್ ಶೈಲಿಯನ್ನು ಒಮ್ಮೆ ನೋಡಿಕೊಳ್ಳಿ.

ಮೂರು ಆಯಾಮದ ಫೈಲುಗಳ ವಿಷಯ ಇಷ್ಟೇ: ತಂತ್ರಾಂಶಗಳ ನಡುವೆ ಮಾದರಿಯನ್ನು ಸಾಗಿಸುವ ಸ್ಟೆಪ್ ಫೈಲು ತನ್ನ ಏಕಮಾನವನ್ನು ಒಳಗೇ ಬರೆದುಕೊಂಡಿರುತ್ತದೆ, 3ಡಿ ಮುದ್ರಣಕ್ಕೆ ಬಳಸುವ ಎಸ್‌ಟಿಎಲ್ ಬರೆದುಕೊಳ್ಳುವುದಿಲ್ಲ. 50 ಮಿಲಿಮೀಟರಿನ ಬಿಡಿಭಾಗವನ್ನು ಇಂಚಿನಲ್ಲಿ ಎಸ್‌ಟಿಎಲ್ ಮಾಡಿ ಕೊಟ್ಟರೆ, ಮಿಲಿಮೀಟರ್ ಎಂದುಕೊಂಡು ಓದುವ ಮುದ್ರಣ ತಂತ್ರಾಂಶ ಅದನ್ನು 2 ಮಿಲಿಮೀಟರಿಗೂ ತುಸು ಕಡಿಮೆ ಎಂದು ತಿಳಿಯುತ್ತದೆ.

ನಿರ್ದೇಶಾಂಕಗಳ ಕಡೆಗೆ

ಪ್ರತಿ ನಕ್ಷೆಯಲ್ಲೂ ಬದಲಾಗದ ಒಂದು ಮೂಲ ವ್ಯವಸ್ಥೆ ಇರುತ್ತದೆ. ಅದನ್ನು ಡಬ್ಲ್ಯುಸಿಎಸ್ ಎನ್ನುತ್ತಾರೆ. ಬಳಕೆದಾರರು ತಮ್ಮ ಅನುಕೂಲಕ್ಕೆ ಸರಿಸಿ, ತಿರುಗಿಸಿಕೊಳ್ಳುವ ಅಕ್ಷಗಳ ಜೋಡಣೆಯೇ ಯುಸಿಎಸ್. ಒಂದು ಬಿಂದುವಿನ ನಿರ್ದೇಶಾಂಕ ಹೇಳುವ ಐಡಿ ಆಜ್ಞೆ ತೋರಿಸುವ ಸಂಖ್ಯೆಗಳು ಈಗ ಜಾರಿಯಲ್ಲಿರುವ ಯುಸಿಎಸ್‌ನವು. ಹಾಗಾಗಿ ಯಾವುದೇ ಬಿಂದುವನ್ನು ಇನ್ನೊಬ್ಬರಿಗೆ ಓದಿ ಹೇಳುವ ಮೊದಲು ಯುಸಿಎಸ್ ಆಜ್ಞೆಯಲ್ಲಿ ವರ್ಲ್ಡ್ ಆಯ್ಕೆಯನ್ನು ಕೊಟ್ಟು ಮೂಲಕ್ಕೆ ಮರಳಬೇಕು. ಎರಡು ಆಯಾಮದ ನೋಟದಲ್ಲಿ, ಅಕ್ಷಗಳ ಗುರುತು ಕೂಡುವ ಮೂಲೆಯಲ್ಲಿ ಸಣ್ಣ ಚೌಕ ಕಂಡರೆ ಮೂಲ ವ್ಯವಸ್ಥೆಯಲ್ಲಿದ್ದೀರಿ ಎಂದರ್ಥ.

ಟೈಪ್ ಮಾಡುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕರ್ಸರಿನ ಪಕ್ಕದಲ್ಲೇ ಸಂಖ್ಯೆ ತುಂಬಲು ಬಿಡುವ ಡೈನಮಿಕ್ ಇನ್‌ಪುಟ್ ಚಾಲೂ ಇದ್ದರೆ, ಗೆರೆಯ ಎರಡನೆಯ ಬಿಂದುವಿಗೆ ಕೊಡುವ 5000,3000 ಎಂಬುದನ್ನು ಆಟೋಕ್ಯಾಡ್ ಸಾಮಾನ್ಯವಾಗಿ ಹಿಂದಿನ ಬಿಂದುವಿನಿಂದ ಇರುವ ದೂರವೆಂದು ತೆಗೆದುಕೊಳ್ಳುತ್ತದೆ. ಮೂಲಬಿಂದುವಿನಿಂದ ಎಂದು ಹೇಳಬೇಕಾದರೆ ಮುಂದೆ # ಹಾಕಬೇಕು. ಆ ಸೌಲಭ್ಯ ಆಫ್ ಆಗಿದ್ದರೆ ಲೆಕ್ಕ ತಿರುಗುಮುರುಗು: ಹಿಂದಿನ ಬಿಂದುವಿನಿಂದ ಅಳೆಯಲು @ ಬೇಕು. ಕೋನಗಳಲ್ಲೂ ಎಚ್ಚರ ಅಗತ್ಯ. ಆಟೋಕ್ಯಾಡ್ ಪೂರ್ವದಿಂದ ಆರಂಭಿಸಿ ಅಪ್ರದಕ್ಷಿಣವಾಗಿ ಎಣಿಸುತ್ತದೆ, ಸರ್ವೆಯವರ ಪೂರ್ಣವೃತ್ತ ಬೇರಿಂಗ್ ಉತ್ತರದಿಂದ ಪ್ರದಕ್ಷಿಣವಾಗಿ ಸಾಗುತ್ತದೆ. ಆದ್ದರಿಂದ 30 ಡಿಗ್ರಿ ಬೇರಿಂಗಿನ ಗೆರೆಯನ್ನು 60 ಎಂದು ಕೊಡಬೇಕು.

ಸರ್ವೆ ನಕ್ಷೆಯನ್ನು ಅದು ಇರುವ ಜಾಗದಿಂದ ಎಂದಿಗೂ ಮೂವ್ ಮಾಡಬೇಡಿ. ಭೂಮಿಯನ್ನು ವಲಯಗಳಾಗಿ ಹಂಚಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಪ್ರತಿ ವಲಯದ ನಡುರೇಖೆಗೆ 5,00,000 ಮೀಟರ್ ಎಂಬ ಪೂರ್ವಾಂಕವನ್ನು (ಪೂರ್ವಕ್ಕಿರುವ ದೂರ ಹೇಳುವ ಸಂಖ್ಯೆ) ಕೊಟ್ಟಿರುವುದರಿಂದ ಸಂಖ್ಯೆಗಳು ದೊಡ್ಡದಾಗಿರುವುದು ಸಹಜ. ನಿವೇಶನ ಓರೆಯಾಗಿದ್ದರೆ ಅದರ ಒಂದು ಅಂಚಿಗೆ ಯುಸಿಎಸ್ ಹೊಂದಿಸಿ ಪ್ಲಾನ್ ಆಜ್ಞೆ ಕೊಟ್ಟರೆ ನೋಟ ನೆಟ್ಟಗಾಗುತ್ತದೆ. ನಕ್ಷೆ ಮಾತ್ರ ತನ್ನ ನೆಲದಲ್ಲೇ ಇರುತ್ತದೆ. ದೂರದ ಮೂಲಬಿಂದುವಿಗೂ ತನ್ನದೇ ತೊಂದರೆ ಇದೆ. ಫೈಲು ಸಂಖ್ಯೆಗಳನ್ನು ಸುಮಾರು 15 ಅಂಕಿಗಳ ನಿಖರತೆಯಲ್ಲಿ ಉಳಿಸಿದರೂ ಪರದೆಗೆ ಬಿಡಿಸುವ ಭಾಗ ಅನೇಕ ವೇಳೆ 7 ಅಂಕಿಗಳಲ್ಲೇ ಕೆಲಸ ಮಾಡುತ್ತದೆ. 15 ಲಕ್ಷದ ಆಸುಪಾಸಿನ ಸಂಖ್ಯೆಯಲ್ಲಿ ಆಗ 0.125ಕ್ಕಿಂತ ಸಣ್ಣ ವ್ಯತ್ಯಾಸ ಹಿಡಿಸುವುದಿಲ್ಲ. ವೃತ್ತಗಳು ಮುರಿದಂತೆ ಕಾಣುವುದು, ಹ್ಯಾಚ್ (ಗೆರೆಗಳ ತುಂಬು ವಿನ್ಯಾಸ) ತುಂಬದಿರುವುದು ಇದರಿಂದಲೇ ಇರಬಹುದು. ಕಟ್ಟಡದ ಫೈಲನ್ನು ಮೂಲಬಿಂದುವಿನ ಹತ್ತಿರ ಬರೆದು, ಸರ್ವೆ ಫೈಲಿನೊಳಗೆ ತಿಳಿದ ನಿರ್ದೇಶಾಂಕ ಮತ್ತು ತಿಳಿದ ಕೋನದಲ್ಲಿ ಎಕ್ಸ್‌ರೆಫ್ ಮಾಡುವುದು, ಎಂದರೆ ನಕಲಿಸದೆ ಕೊಂಡಿಯಾಗಿ ಜೋಡಿಸುವುದು, ಉತ್ತಮ. ಕಟ್ಟಡದ ಮಾದರಿ ಮಾಡುವ ರೆವಿಟ್ ತಂತ್ರಾಂಶ ಕೂಡ ಒಳ ಮೂಲಬಿಂದುವಿನಿಂದ 16 ಕಿಲೋಮೀಟರ್ ತ್ರಿಜ್ಯದೊಳಗೆ ಮಾದರಿ ಇರಬೇಕೆಂದು ಬಯಸುತ್ತದೆ, ನೆಲದ ನಿರ್ದೇಶಾಂಕವನ್ನು ಸರ್ವೆ ಪಾಯಿಂಟ್ ಮೂಲಕ ಬೇರೆಯಾಗಿ ಹೊರುತ್ತದೆ.

ಒಂದೇ ನೆಲದ ನಿರ್ದೇಶಾಂಕದಲ್ಲಿರುವ ಎರಡು ಫೈಲುಗಳನ್ನು ಜೋಡಿಸುವಾಗ 0,0,0 ಬಿಂದುವಿನಲ್ಲಿ, ಸ್ಕೇಲ್ 1, ತಿರುವು 0 ಎಂದು ಎಕ್ಸ್‌ರೆಫ್ ತನ್ನಿ. ಹೊಂದದಿದ್ದರೆ ಎಳೆದು ಕೂರಿಸುವ ಮೊದಲು ತಪ್ಪಿನ ಬಗೆಯನ್ನು ನೋಡಿ. 25.4 ಅಥವಾ 1000 ಪಟ್ಟು ವ್ಯತ್ಯಾಸವಿದ್ದರೆ ದೋಷ ಏಕಮಾನದ್ದು. ಗಾತ್ರ ಸರಿಯಿದ್ದು ಜಾಗ ಮಾತ್ರ ಬೇರೆಯಾಗಿದ್ದರೆ ಯಾರೋ ನಕ್ಷೆಯನ್ನು ಸರಿಸಿದ್ದಾರೆ. 45 ಡಿಗ್ರಿ ಗೆರೆಯ ಮೇಲೆ ಕನ್ನಡಿ ಹಿಡಿದಂತೆ ಬಂದರೆ ಉತ್ತರಾಂಕ ಮತ್ತು ಪೂರ್ವಾಂಕಗಳು ಅದಲುಬದಲಾಗಿವೆ. ಅಡಿಯಲ್ಲಿರುವ ಅಮೆರಿಕದ ಫೈಲಿನಲ್ಲಿ ಎಲ್ಲವೂ ಸರಿಯಿದ್ದು 20 ಲಕ್ಷ ಅಡಿಗೆ 4 ಅಡಿಯಷ್ಟು ಮಾತ್ರ ಜಾರಿದ್ದರೆ, ಒಂದು ಕಡೆ 0.3048 ಮೀಟರಿನ ಅಂತರರಾಷ್ಟ್ರೀಯ ಅಡಿಯೂ ಇನ್ನೊಂದು ಕಡೆ 1200/3937 ಮೀಟರಿನ ಸರ್ವೆ ಅಡಿಯೂ ಬಳಕೆಯಾಗಿವೆ. ಈ ಎರಡನೆಯದನ್ನು 2022ರ ಕೊನೆಗೆ ಅಧಿಕೃತವಾಗಿ ಕೈಬಿಡಲಾಗಿದ್ದರೂ ಹಳೆಯ ಫೈಲುಗಳಲ್ಲಿ ಅದು ಹಾಗೆಯೇ ಉಳಿದಿದೆ, ಇನ್ಸ್‌ಯೂನಿಟ್ಸ್‌ನಲ್ಲಿ ಅದರ ಸಂಖ್ಯೆ 21.