ಸೆಕೆಂಡ್ ಹ್ಯಾಂಡ್ ಬಟನ್ ಅಕಾರ್ಡಿಯನ್: ಬಿಚ್ಚದೇ ರೀಡ್ ಪರೀಕ್ಷೆ ಮಾಡಿದ್ದು

ಬಟನ್ ಅಕಾರ್ಡಿಯನ್ ಹುಡುಕುತ್ತಿದ್ದೇನೆ ಎಂದಾಗ ಆರ್ಕೆಸ್ಟ್ರಾ ಗೆಳೆಯರೆಲ್ಲ ನಕ್ಕರು. ‘ಹಳೇ ಟೈಪ್‌ರೈಟರ್ ತಗೊಳ್ಳಿ ಸಾರ್, ಅಗ್ಗಕ್ಕೆ ಸಿಗುತ್ತೆ’ ಅಂದ ಕೀಬೋರ್ಡ್ ಹುಡುಗ. ಮಾರುವವರು ಬಿಚ್ಚೋಕೆ ಬಿಡಲ್ಲ, ಬಿಚ್ಚದೇ ರೀಡ್ (ಗಾಳಿಗೆ ಅದುರಿ ಸ್ವರ ಕೊಡುವ ಲೋಹದ ನಾಲಿಗೆ) ಹೇಗಿದೆ ಅಂತ ಹೇಗೆ ಗೊತ್ತಾಗುತ್ತೆ ಅನ್ನೋದು ಉಳಿದವರ ವಾದ. ಗೊತ್ತಾಗುತ್ತೆ. ಎಡಗೈ ಬಟನ್‌ಗಳೇ ಹೇಳಿಬಿಡುತ್ತವೆ.

ಬಟನ್ನೇ ಯಾಕೆ ಅಂದರೆ ಶ್ರುತಿಗಾಗಿ. ಹಾಡುವವರು ಸ್ಟೇಜ್ ಮೇಲೆ ನಿಂತು ಬಿಳಿ ಒಂದು ಬೇಡ, ಕಪ್ಪು ಒಂದು ಕೊಡಿ ಅಂತಾರೆ, ಅಂದರೆ ಸಿ ಬೇಡ, ಸಿ ಶಾರ್ಪ್ ಕೊಡಿ ಅಂತ. ಹನ್ನೆರಡೂ ಸ್ವರಗಳಿರುವ, ಐದು ಸಾಲು ಬಟನ್‌ಗಳ ಕ್ರೋಮ್ಯಾಟಿಕ್‌ನಲ್ಲಿ ಬೆರಳ ಪಟ್ಟು ಹಾಗೇ ಇರುತ್ತೆ, ಕೈ ಮಾತ್ರ ಸರಿಯುತ್ತೆ. ಪಿಯಾನೋ ಕೀಗಳಲ್ಲಿ ಪ್ರತಿ ಶ್ರುತಿಗೂ ಹೊಸ ಬೆರಳಾಟ.

ಭಾನುವಾರದ ಸಂತೆಯಲ್ಲಿ ಒಂದು ಸಿಕ್ಕಿತ್ತು. ಎಳೆದರೆ ಒಂದು ಸ್ವರ, ತಳ್ಳಿದರೆ ಇನ್ನೊಂದು. ‘ಸ್ವಲ್ಪ ಕೆಟ್ಟಿದೆ, ಮೂರು ಸಾವಿರ ಕೊಡಿ’ ಅಂದ. ಕೆಟ್ಟಿರಲಿಲ್ಲ, ಅದು ಡಯಾಟೋನಿಕ್. ಅದು ಇರೋದೇ ಹಾಗೆ. ನನಗೆ ಬೇಡವಾಗಿತ್ತು, ಬಿಟ್ಟು ಬಂದೆ. ಫ್ರೇಜರ್ ಟೌನಿನಲ್ಲಿ ಇನ್ನೊಂದು, ಮುತ್ತಿನ ಹೊಳಪಿನ ಮೈ, ಅರವತ್ತು ಸಾವಿರ ಹೇಳಿದರು. ಎಷ್ಟೋ ಮಳೆಗಾಲ ಅಟ್ಟದ ಮೇಲೇ ಕಳೆದಿತ್ತು. ಎರಡು ಮಧ್ಯದ ರೀಡ್ ಸಾಲುಗಳನ್ನು ಒಟ್ಟಿಗೆ ತೆರೆದೆ. ಎರಡರ ಶ್ರುತಿ ಚೂರು ಬೇರೆಯಾಗಿ ಹುಟ್ಟುವ ಕಂಪನ ಒಂದು ಬಟನ್‌ಗೆ ನಿಧಾನ, ಪಕ್ಕದ್ದಕ್ಕೆ ಗಡಗಡ. ಉಕ್ಕಿನ ನಾಲಿಗೆಗೆ ತುಕ್ಕು ಹತ್ತಿದರೆ ಶ್ರುತಿ ಹೀಗೆ ಒಂದೊಂದೂ ಒಂದೊಂದು ಕಡೆ ಹೋಗುತ್ತೆ. ಹೊಳಪಿಗೆ ಅರವತ್ತು ಸಾವಿರ ಯಾರು ಕೊಡ್ತಾರೆ?

ಕೊನೆಗೆ ಕಾಕ್ಸ್ ಟೌನಿನ ಒಂದು ಮನೆಯಲ್ಲಿ ಸಿಕ್ಕಿತು. ಇಟಲಿಯದು, ಸಿ ಸಿಸ್ಟಂ (ಬಟನ್ ಜೋಡಣೆಯ ಒಂದು ಬಗೆ), ಬಲಗೈಗೆ ಮೂರು ರೀಡ್ ಸಾಲು, ಎಡಗೈಗೆ 120 ಬಾಸ್ ಬಟನ್. ಹೇಳಿದ ಬೆಲೆ ನಲವತ್ತು ಸಾವಿರ. ನನಗಿಂತ ಮೊದಲು ನೋಡಿದವರು ‘ಬಾಸ್ ರೀಡ್ ಹೋಗಿದೆ’ ಅಂತ ಬಿಟ್ಟು ಹೋಗಿದ್ದರಂತೆ.

ಮೊದಲು ಬೆಲ್ಟ್ ಬಿಚ್ಚಿ, ಯಾವ ಬಟನ್ನೂ ಒತ್ತದೇ ಒಂದು ಕಡೆ ಹಿಡಿದು ತೂಗಿಬಿಟ್ಟೆ. ತಿದಿ ತನ್ನ ಭಾರಕ್ಕೆ ಮೆಲ್ಲಗೆ ಇಳಿಯಿತು. ದೊಪ್ಪನೆ ಇಳಿದಿದ್ದರೆ ಅಲ್ಲಿಂದಲೇ ವಾಪಸ್. ಆಮೇಲೆ ಒಂದೊಂದೇ ಸಾಲಿನ ರಿಜಿಸ್ಟರ್ (ಯಾವ ರೀಡ್ ಸಾಲು ನುಡಿಯಬೇಕು ಅಂತ ಆರಿಸುವ ಸ್ವಿಚ್) ಹಾಕಿ, ಪ್ರತಿ ಬಟನ್ನನ್ನೂ ಎಳೆತಕ್ಕೊಮ್ಮೆ, ತಳ್ಳಿಕೆಗೊಮ್ಮೆ ನುಡಿಸಿದೆ. ಒಂದೇ ಕಡೆ ಮೂಕವಾದರೆ ತಪ್ಪು ರೀಡ್‌ನದು, ಇಲ್ಲಾ ಎದುರು ದಿಕ್ಕಿನ ಗಾಳಿ ತಡೆಯುವ ಚರ್ಮದ ಪಟ್ಟಿಯದು. ಎರಡು ಕಡೆಯ ನಾಲಿಗೆಗಳು ಬೇರೆ ಬೇರೆ, ಬಟನ್ ಮಾತ್ರ ಒಂದೇ, ಅಲ್ವಾ? ಎರಡೂ ಕಡೆ ಮೂಕವಾದರೆ ಮೊದಲ ಗುಮಾನಿ ಲಿವರ್ (ಬಟನ್ ಒತ್ತಿದಾಗ ಗಾಳಿ ದಾರಿ ತೆರೆಯುವ ಕಡ್ಡಿ) ಮೇಲೆ. ಮೆಲ್ಲಗೆ ಎಳೆದರೆ ಏಳದ ರೀಡ್‌ನ ತುದಿ ತಟ್ಟೆಯಿಂದ ತುಂಬಾ ಎತ್ತರಕ್ಕೆ ಸೆಟ್ ಆಗಿರುತ್ತೆ. ಜೋರಾಗಿ ಎಳೆದಾಗ ಉಸಿರು ಕಟ್ಟುವುದು ತುಂಬಾ ತಗ್ಗಿರುತ್ತೆ.

ಎಡಗೈಗೆ ಬರೋಣ. 120 ಬಟನ್ ನೋಡಿ 120 ಸ್ವರ ಅಂದುಕೊಳ್ಳುವವರು ಬಹಳ ಜನ. ಸ್ಟ್ರಡೆಲ್ಲಾದಲ್ಲಿ (ಎಡಗೈ ಬಟನ್‌ಗಳ ಈ ಜೋಡಣೆಯ ಹೆಸರು) ಇರೋದು ಹನ್ನೆರಡೇ ಸ್ವರ. ಇಪ್ಪತ್ತು ಸಾಲು, ಸಾಲಿಗೆ ಆರು ಬಟನ್, ಎಲ್ಲವೂ ಅದೇ ರೀಡ್‌ಗಳನ್ನು ಹಂಚಿಕೊಳ್ಳುತ್ತವೆ. ಕಾಕ್ಸ್ ಟೌನಿನದರಲ್ಲಿ ಇ ಬಾಸ್ ಮೂಕ. ಸಿ ಸಾಲಿಗೆ ಬಂದು ಕೌಂಟರ್ ಬಾಸ್ (ಆ ಸಾಲಿನ ಮೂಲ ಸ್ವರದ ಗಾಂಧಾರ ಕೊಡುವ ಬಟನ್) ಒತ್ತಿದೆ, ಅದೂ ಇ ಸ್ವರವೇ. ತುಂಬುಕಂಠದಲ್ಲಿ ಬಂತು, ಎರಡೂ ಕಡೆ. ಅಂದರೆ ರೀಡ್ ಗಟ್ಟಿ, ಒಳಗೆ ಯಾವುದೋ ಕಡ್ಡಿ ಬಾಗಿದೆ. ಒಟ್ಟಿಗೆ ಹಲವು ಸ್ವರ ನುಡಿಸುವ ಕಾರ್ಡ್ ಬಟನ್‌ಗೂ ಇದೇ ಲೆಕ್ಕ. ಸಿ ಮೇಜರ್‌ನಲ್ಲಿ ಇ ಕೇಳದಿದ್ದರೆ ಎ ಮೈನರ್ ಒತ್ತಿ ನೋಡಿ. ಅಲ್ಲೂ ಇಲ್ಲದಿದ್ದರೆ ಮಾತ್ರ ರೀಡ್ ಕಡೆ ನೋಡಬೇಕು. ಸೆವೆಂತ್ ಕಾರ್ಡ್‌ನಲ್ಲಿ ಪಂಚಮ ಕೇಳಲಿಲ್ಲ ಅಂತ ಗಾಬರಿ ಬೇಡ, ಸಾಮಾನ್ಯವಾಗಿ ಅದನ್ನು ಕೊಟ್ಟಿರುವುದೇ ಇಲ್ಲ.

ನಾನು ಮುಖ ಗಂಟಿಕ್ಕಿಕೊಂಡೇ ಕೂತೆ. ಇಪ್ಪತ್ತಮೂರು ಸಾವಿರದ ಆಸುಪಾಸಿಗೆ ಮುಗಿಯಿತು. ಕಡ್ಡಿ ನೇರ ಮಾಡೋಕೆ ಒಂದು ಸಂಜೆ ಹಿಡಿಯಿತು, ಖರ್ಚು ಸೊನ್ನೆ.

ರೀಡ್‌ಗಳನ್ನು ಹಿಡಿದು ಕೂರಿಸುವ ಮೇಣದ್ದೇ ಕಿರಿಕಿರಿ. ಬಾಕ್ಸನ್ನು ಮೆಲ್ಲಗೆ ವಾಲಿಸಿದಾಗ ಒಂದು ಮೂಲೆಯಲ್ಲಿ ಸಣ್ಣಗೆ ಕಟಕಟ ಅಂದಿತ್ತು. ಬಿಚ್ಚಿದಾಗ ಹಳೇ ಮೇಣ ಉಗುರು ತಾಗಿದರೆ ಉದುರುವಷ್ಟು ಒಣಗಿತ್ತು. ಪೂರ್ತಿ ಮೇಣ ಬದಲಿಸೋಕೆ ಒಬ್ಬರು ಹದಿನೈದು ಸಾವಿರ ಕೇಳಿದರು. ಬೇಡ ಅಂದು ಕೊಡಗಿನ ಗೆಳೆಯನಿಂದ ಜೇನುಮೇಣ ತರಿಸಿ, ಪಿಟೀಲಿನ ರಾಳ ಪುಡಿ ಮಾಡಿ ಕರಗಿಸಿದೆ. ಮೊದಲ ಪಾಕ ರಾಳ ಜಾಸ್ತಿಯಾಗಿ ಒಂದೇ ವಾರದಲ್ಲಿ ಬಿರುಕು ಬಿಟ್ಟಿತು. ಆರುನೂರು ರೂಪಾಯಿ ಹೋಯಿತು. ಮೂರು ಪಾಲು ಮೇಣಕ್ಕೆ ಹೆಚ್ಚುಕಮ್ಮಿ ಒಂದು ಪಾಲು ರಾಳ, ಜೊತೆಗೆ ಅಗಸೆ ಎಣ್ಣೆ, ಆಗ ಕಚ್ಚಿಕೊಂಡಿತು. ಎಣ್ಣೆ ಎಷ್ಟು ಹನಿ, ಯಾವಾಗ ಬಿಡಬೇಕು ಅನ್ನೋದು ನನ್ನ ಹತ್ರಾನೇ ಇರಲಿ. ಮೇಣ, ಚರ್ಮ ಎಲ್ಲ ಸೇರಿ ನಾಲ್ಕು ಸಾವಿರ ದಾಟಲಿಲ್ಲ.

ಸುಮ್ನೆ ಇರಲಾರದೆ ಇನ್ನೊಂದು ಆಟ ಆಡಿದೆ. ಒಂದು ಉಕ್ಕಿನ ನಾಲಿಗೆ ಸೋತಿತ್ತು. ಅದರ ಜಾಗಕ್ಕೆ ಬಳೇಪೇಟೆಯಿಂದ ತಂದ ಹಾರ್ಮೋನಿಯಂ ಹಿತ್ತಾಳೆ ನಾಲಿಗೆಯನ್ನು ಉಜ್ಜಿ ಕೂರಿಸಿದೆ. ಸ್ವರ ಬಂತು. ಜೋರಾಗಿ ಎಳೆದರೆ ಶ್ರುತಿ ಇಳಿಯುತ್ತಿತ್ತು, ಪಕ್ಕದವುಗಳ ಜೊತೆ ದನಿಯೂ ಸೇರಲಿಲ್ಲ. ತೆಗೆದು ಹಾಕಿದೆ.

ಶ್ರುತಿ 442ಕ್ಕೆ (ಎ ಸ್ವರ ಸೆಕೆಂಡಿಗೆ 442 ಸಲ ಅದುರುವ ಲೆಕ್ಕ) ಇತ್ತು, ಇಟಲಿಯವು ಎಷ್ಟೋ ಹಾಗೇ ಬರುತ್ತವೆ. 440ಕ್ಕೆ ಇಳಿಸಬೇಕಾದರೆ ಬಲಗೈ ಕಡೆಯಲ್ಲೇ 270ಕ್ಕೂ ಹೆಚ್ಚು ನಾಲಿಗೆಗಳ ಬುಡ ಕೆರೆಯಬೇಕು. ನಾನು ಕೆರೆಯಲಿಲ್ಲ. ಟೈಪ್‌ರೈಟರ್ ಜೋಕ್ ಹೊಡೆದ ಹುಡುಗನಿಗೇ ಅವನ ಕೀಬೋರ್ಡನ್ನು 442ಕ್ಕೆ ಏರಿಸು ಅಂದೆ. ಎರಡು ಬಟನ್ ಒತ್ತಿದ, ಮುಗಿಯಿತು. ಈಗ ಮದುವೆ ಕಾರ್ಯಕ್ರಮಗಳಿಗೆ ಅವನೇ ಫೋನ್ ಮಾಡಿ ‘ಸಾರ್, ನಿಮ್ಮ ಪೆಟ್ಟಿಗೆ ತನ್ನಿ’ ಅಂತಾನೆ. ಬಾಡಿಗೆ ಬೇರೆ ಹಿಡಿಯುತ್ತೇನೆ.