ನೀರು ತುಂಬುವ ಹಬ್ಬಕ್ಕೆ ಬಚ್ಚಲನ್ನೂ ಹಂಡೆಯನ್ನೂ ಅಣಿಗೊಳಿಸುವ ಬಗೆ

ವರ್ಷವಿಡೀ ಮನೆಯ ಹಿಂಬದಿಯಲ್ಲಿ ಹೊಲಸಿನ ಜಾಗವೆನಿಸಿಕೊಂಡು ಬಿದ್ದಿರುವ ಬಚ್ಚಲಿಗೆ ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ಅಂದರೆ ನರಕ ಚತುರ್ದಶಿಯ ಹಿಂದಿನ ದಿನ, ಅರಿಶಿನ ಕುಂಕುಮ ಹೂವುಗಳೆಲ್ಲ ಸಲ್ಲುತ್ತವೆ. ಆ ದಿನ ಹಂಡೆಯನ್ನು ಬೆಳಗಿ, ಹೊಸ ನೀರು ತುಂಬಿ, ಕೊರಳಿಗೆ ಹೂವಿನ ಸರ ಹಾಕಿ ಪೂಜಿಸುತ್ತಾರೆ. ತೊಳೆಯುವ ಕೆಲಸ ಬೇರೆ ಹಬ್ಬಗಳಲ್ಲಿ ಹಬ್ಬಕ್ಕೆ ಮುಂಚಿನ ಚಾಕರಿಯಾಗಿದ್ದರೆ ಇಲ್ಲಿ ಅದೇ ಹಬ್ಬ.

ಕೆಲಸಕ್ಕೆ ಇಳಿಯುವ ಮುನ್ನ ಎರಡು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಮಡಿ ಎಂಬುದು ಸ್ಪರ್ಶದ ಲೆಕ್ಕ, ಶುಚಿ ಎಂಬುದು ಕೊಳೆಯ ಲೆಕ್ಕ. ಯಾರೂ ಮುಟ್ಟದಂತೆ ಗಳುವಿನ ಮೇಲೆ ಒಣಗಿದ ಪಂಚೆ ಮಾಸಲಾಗಿದ್ದರೂ ಮಡಿಯೇ. ಆಗತಾನೇ ಒಗೆದು ಇಸ್ತ್ರಿ ಮಾಡಿದ ಅಂಗಿ ಎಷ್ಟು ಬೆಳ್ಳಗಿದ್ದರೂ ಮೈಲಿಗೆಯಾಗಬಹುದು. ಮುಸುರೆ ತಿಕ್ಕಿ ಮನೆಯನ್ನು ಶುಚಿಯಾಗಿಟ್ಟ ಕೈಯನ್ನೇ ಮಡಿಯ ಹೆಸರಿನಲ್ಲಿ ಅಡುಗೆಮನೆಯ ಹೊಸ್ತಿಲಾಚೆ ನಿಲ್ಲಿಸಿದ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಇಲ್ಲಿ ಹೇಳುವ ಕೆಲಸಕ್ಕೆ ಮಡಿಯ ಅಗತ್ಯವಿಲ್ಲ; ಬೇಕಾದುದು ಅಂಗಿಯ ತೋಳು ಮಡಿಸಿ ಕೆಲಸಕ್ಕೆ ಕೂರುವ ಮನಸ್ಸು, ಮತ್ತು ಅದು ಮನೆಯ ಗಂಡಸರಿಗೂ ಬರಬೇಕು.

ಬಚ್ಚಲಿನಿಂದಲೇ ಆರಂಭಿಸಿ, ಅದೂ ಎರಡು ದಿನ ಮುಂಚೆ. ಪಾಚಿಯನ್ನು ಒದ್ದೆಯಿರುವಾಗ ಉಜ್ಜಿದರೆ ಅದು ಜಾರುತ್ತದೆಯೇ ಹೊರತು ಕಲ್ಲು ಬಿಡುವುದಿಲ್ಲ. ಒಂದು ದಿನ ನೀರು ಬಳಸದೆ ಒಣಗಲು ಬಿಟ್ಟು, ಗಟ್ಟಿ ಪೊರಕೆಯ ಬುಡದಿಂದ ಕೆರೆದರೆ ಹಪ್ಪಳದಂತೆ ಎದ್ದು ಬರುತ್ತದೆ. ಬ್ಲೀಚಿಂಗ್ ಪೌಡರ್ ಬಳಸುವುದಾದರೆ ಅದೇ ನೆಲದ ಮೇಲೆ ಆಸಿಡ್, ವಿನಿಗರ್ ಅಥವಾ ಶೌಚಾಲಯ ತೊಳೆಯುವ ದ್ರಾವಣಗಳನ್ನು ಸುರಿಯಲೇಬಾರದು, ಏಕೆಂದರೆ ಇವು ಕೂಡಿದಾಗ ಹೊಮ್ಮುವ ಕ್ಲೋರಿನ್ ಅನಿಲ ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಉಸಿರು ಕಟ್ಟಿಸುತ್ತದೆ. ಮೋರಿ ಕಟ್ಟಿಕೊಂಡು, ತೊಂದರೆ ಶೌಚದ ಗುಂಡಿಯವರೆಗೆ ಹೋಗಿದ್ದರೆ ಹೀರುವ ಯಂತ್ರವನ್ನೇ ಕರೆಸಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದ ರಾಜ್ಯ ನಮ್ಮದು. ರಕ್ಷಣಾ ಸಲಕರಣೆಗಳಿಲ್ಲದೆ ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕೇಂದ್ರ ಕಾಯ್ದೆಯಂತೆಯೂ ಅಪರಾಧ. ಹಬ್ಬದ ಗಡಿಬಿಡಿ ಅದಕ್ಕೆ ನೆಪವಾಗದು.

ಇನ್ನು ಹಂಡೆ. ಒಲೆಯಲ್ಲಿ ಹೂತ ಹಂಡೆಯನ್ನು ಬಗ್ಗಿಸಲಾಗದು, ಆದ್ದರಿಂದ ತಳದ ನೀರನ್ನು ತಂಬಿಗೆಯಿಂದ ಮೊಗೆದು, ಕೊನೆಯ ಗುಟುಕನ್ನು ಹಳೆಯ ಹತ್ತಿ ಬಟ್ಟೆಗೆ ಹೀರಿಸಿ ಹಿಂಡಬೇಕು. ಬಾಯಿ ಕಿರಿದಾದ ಹಂಡೆಯೊಳಗೆ ದೊಡ್ಡವರ ತೋಳು ಸಲೀಸಾಗಿ ಆಡುವುದಿಲ್ಲವೆಂದು ನಮ್ಮ ಮನೆಯಲ್ಲಿ ಈ ಕೆಲಸ ಯಾವಾಗಲೂ ಮಕ್ಕಳ ಪಾಲಿಗೆ ಬರುತ್ತಿತ್ತು. ಒಳಗೆ ತಲೆಯಿಟ್ಟು ಕೂಗಿದರೆ ಬರುವ ಗುಂಯ್ ಎಂಬ ದನಿಯೇ ನಮಗೆ ಸಿಗುತ್ತಿದ್ದ ಕೂಲಿ.

ತಾಮ್ರ ಬೆಳಗಲು ಬೂದಿ, ಹುಣಸೆ ಎರಡೂ ಬೇಕು, ಆದರೆ ಎರಡನ್ನೂ ಒಟ್ಟಿಗೆ ಕಲಸಬಾರದು. ಬೂದಿ ಕ್ಷಾರ, ಅದು ಜಿಡ್ಡನ್ನೂ ಮಸಿಯನ್ನೂ ಎಬ್ಬಿಸುತ್ತದೆ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಅದು ತಾಮ್ರದ ಮೇಲಿನ ಕಪ್ಪು ಪೊರೆಯನ್ನೂ ಹಸಿರು ಕಿಲುಬನ್ನೂ ಕರಗಿಸುತ್ತದೆ. ಎರಡನ್ನೂ ಬೆರೆಸಿದರೆ ಒಂದು ಇನ್ನೊಂದರ ಬಲವನ್ನು ಕಳೆದು, ಕೈಗೆ ನೋವು ಮಾತ್ರ ಉಳಿಯುತ್ತದೆ. ಮೊದಲು ಜರಡಿ ಹಿಡಿದ ಒಲೆಯ ಬೂದಿಯಲ್ಲಿ ತೆಂಗಿನ ನಾರನ್ನು ಅದ್ದಿ ತಿಕ್ಕಿ, ತೊಳೆಯಿರಿ. ಅನಂತರ ಹುಣಸೆಗೆ ಒಂದು ಹಿಡಿ ಕಲ್ಲುಪ್ಪು ಸೇರಿಸಿ ಬಳಿಯಿರಿ. ಹೊಸ ಹುಣಸೆಯನ್ನು ಇದಕ್ಕೆ ಸುರಿಯಬೇಕಾಗಿಲ್ಲ. ಒಂದು ವಾರ ಸಾರಿಗೆ ಹಿಂಡಿದ ಚರಟವನ್ನು ಕೂಡಿಟ್ಟರೆ ಸಾಕು. ಬಳಿದು ಐದು ನಿಮಿಷ ಬಿಟ್ಟರೆ ಬೆರಳು ಎಳೆದಲ್ಲೆಲ್ಲ ನಸುಗೆಂಪು ಗೆರೆ ಮೂಡುತ್ತದೆ, ಆಗ ತಿಕ್ಕಬೇಕು. ಹುಳಿ ಉಳಿದರೆ ಹಂಡೆ ಮರುದಿನವೇ ಮತ್ತೆ ಕಪ್ಪಾಗುವುದರಿಂದ ಮೂರು ಸಲ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಒಲೆಗೆ ತಾಗುವ ಹೊರಭಾಗಕ್ಕೆ ಕೆಮ್ಮಣ್ಣಿನ ತೆಳು ಲೇಪ ಕೊಟ್ಟರೆ ಮುಂದಿನ ಸಲ ಮಸಿ ಮಣ್ಣಿನೊಡನೆಯೇ ಕಳಚಿ ಬರುತ್ತದೆ. ಒಳಗೆ ಕಲಾಯಿ ಹಾಕಿದ ಪಾತ್ರೆಗಳಿಗೆ ಮಾತ್ರ ಈ ವಿಧಾನ ಬೇಡ, ಕಲಾಯಿ ಸವೆಯುತ್ತದೆ.

ಹಂಡೆಯಿಲ್ಲದ ಫ್ಲ್ಯಾಟ್‌ನವರು ಷವರಿನ ತೂತುಗಳಿಗೆ ಕಟ್ಟಿದ ಬಿಳಿ ಹರಳನ್ನು ಗಮನಿಸಲಿ. ಕೊಳವೆಬಾವಿಯ ಗಡಸು ನೀರು ಬಿಟ್ಟುಹೋಗುವ ಈ ಸುಣ್ಣ ನಿಂಬೆರಸ ಅಥವಾ ವಿನಿಗರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಸಣ್ಣಗೆ ನೊರೆಯೆದ್ದು ಕರಗುತ್ತದೆ. ಗೀಸರಿನ ಒಳಗೆ ಕಟ್ಟಿದ್ದನ್ನು ತೆಗೆಯಲು ತಿಳಿದವರನ್ನೇ ಕರೆಯಿರಿ. ಸಂಪ್ ತೊಳೆಸಿದ್ದರೆ, ತಿಳಿಯಾದ ಹೊಸ ನೀರಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಕದಡಿ ಬೆರೆಸಿ, ಅರ್ಧ ಗಂಟೆ ಕಳೆದ ಮೇಲೆ ಬಳಸಬಹುದು.

ಸಂಜೆ ಹಂಡೆಯ ಕೊರಳಿಗೆ ಶೇಡಿ ಎಂಬ ಬಿಳಿ ಮಣ್ಣಿನಿಂದಲೋ ಸುಣ್ಣದಿಂದಲೋ ಗೆರೆಯೆಳೆದು, ಚೆಂಡು ಹೂವಿನ ಸರ ಸುತ್ತಿ. ಮಲೆನಾಡಿನವರಿಗೆ ಹಿಂಡಲೆ ಬಳ್ಳಿಯಿಲ್ಲದೆ ಇದು ಪೂರ್ತಿಯಾಗದು. ಆಮೇಲೆ ಬಾವಿಯದೋ ನಲ್ಲಿಯದೋ, ಅಂದೇ ತಂದ ನೀರನ್ನು ಶೋಧಿಸಿ ಕಂಠದವರೆಗೆ ತುಂಬಿ, ಮುಚ್ಚಳವಿಡಿ. ಬೆಳಗಿನ ಜಾವ ಒಲೆ ಹೊತ್ತಿಸಿ ಎಣ್ಣೆನೀರು ಹಾಕಿಕೊಳ್ಳುವಾಗ ನಮ್ಮ ಮನೆಯ ಕಟ್ಟಳೆ ಒಂದೇ: ಕೊನೆಗೆ ಮಿಂದವರು ಎರಡು ಕೊಡ ನೀರನ್ನು ಹಂಡೆಗೆ ಸುರಿದೇ ಹೊರಬರಬೇಕು, ಕೆಂಡದ ಮೇಲೆ ಬರಿದಾದ ಹಂಡೆಯ ಬೆಸುಗೆ ಬಿಟ್ಟುಕೊಳ್ಳುತ್ತದೆ.