ತುಕ್ಕು ಹಿಡಿದು ಸೋರುವ ಪೆಟ್ರೋಲ್ ಟ್ಯಾಂಕ್: ರಿಪೇರಿಯೋ, ಹೊಸದೋ?

ಬೈಕಿನ ಟ್ಯಾಂಕಿನ ಅಡಿಯಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಉಗುರಿನಿಂದ ಕೆರೆದರೆ ಕಂದು ಪುಡಿ ಉದುರುತ್ತದೆ, ಜೊತೆಗೆ ಪೆಟ್ರೋಲ್ ವಾಸನೆ. ಇಷ್ಟು ಕಂಡರೆ ತುಕ್ಕು ತಗಡನ್ನು ಒಳಗಿನಿಂದ ತಿನ್ನುತ್ತಾ ಹೊರಗೆ ಬಂದಿದೆ ಎಂದೇ ತಿಳಿಯಿರಿ. ನೀರು ಪೆಟ್ರೋಲಿಗಿಂತ ಭಾರ. ಒಳಗೆ ಸೇರಿದ ಪ್ರತಿ ಹನಿಯೂ ತಳಕ್ಕಿಳಿದು ಅಲ್ಲೇ ಕೂರುತ್ತದೆ. ಹಾಗಾಗಿ ತೂತು ಬೀಳುವುದು ಹೆಚ್ಚಾಗಿ ತೀರಾ ತಗ್ಗಿನ ಮೂಲೆಯಲ್ಲಿ, ಇಲ್ಲವೇ ಎರಡು ತಗಡು ಕೂಡುವ ಅಂಚಿನಲ್ಲಿ.

ಎಲ್ಲಕ್ಕಿಂತ ಮೊದಲು ಬೆಂಕಿಯ ವಿಚಾರ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಅಪಾಯವೇ ಹೆಚ್ಚು. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತಿದ್ದರೆ ಸಿಡಿಯಲು ಒಂದು ಕಿಡಿ ಸಾಕು. ಈ ಆವಿ ಮೇಲೇಳುವುದಿಲ್ಲ, ನೆಲ ಹಿಡಿದು ದೂರದವರೆಗೂ ಹರಿಯುತ್ತದೆ. ಆದ್ದರಿಂದ ಬಯಲಲ್ಲೇ ಕೆಲಸ ಮಾಡಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಪೆಟ್ರೋಲನ್ನು ಅದಕ್ಕೆಂದೇ ಮಾಡಿದ ಕ್ಯಾನಿಗೆ ಇಳಿಸಿ. ಪೈಪಿಗೆ ಬಾಯಿ ಹಚ್ಚಿ ಎಳೆಯಬೇಡಿ. ಇಂಜೆಕ್ಷನ್ ಬೈಕಾದರೆ (ಕಾರ್ಬ್ಯುರೇಟರ್ ಬದಲು ಪಂಪು ಒತ್ತಿ ಪೆಟ್ರೋಲ್ ಕಳಿಸುವಂಥದ್ದು) ಲೈನಿನಲ್ಲಿ ಒತ್ತಡ ಇರುತ್ತದೆ. ಅಂಥದ್ದರಲ್ಲಿ ಬ್ಯಾಟರಿ ಕಳಚುವ ಮೊದಲೇ ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿ ಕಳಚಿ ಪೈಪ್ ಬಿಚ್ಚಿ.

ಟ್ಯಾಂಕ್ ಇಳಿಸಿ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ), ಮುಚ್ಚಳ, ಫ್ಲೋಟ್ (ಪೆಟ್ರೋಲ್ ಮಟ್ಟ ತೋರಿಸುವ ತೇಲುವ ಭಾಗ) ಅಥವಾ ಪಂಪ್ ಎಲ್ಲ ಬಿಚ್ಚಿಡಿ. ಸೋಪಿನ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯಿರಿ. ಈಗ ಸ್ಕ್ರೂಡ್ರೈವರ್ ತುದಿಯಿಂದ ತೂತಿನ ಸುತ್ತ ಗಟ್ಟಿಯಾಗಿ ಒತ್ತಿ ನೋಡಿ. ನಿರ್ಧಾರವಾಗುವುದು ಇಲ್ಲಿಯೇ. ತಗಡು ಗಟ್ಟಿಯಿದ್ದು ಸೂಜಿಮೊನೆಯಂಥ ಒಂದೆರಡು ತೂತು ಮಾತ್ರ ಇದ್ದರೆ ರಿಪೇರಿ ಮಾಡಬಹುದು. ಒತ್ತಿದಲ್ಲೆಲ್ಲ ತಗಡು ಬಗ್ಗಿದರೆ, ಅಂಚಿನ ಉದ್ದಕ್ಕೂ ಒಸರಿದರೆ ಹೊಸ ಟ್ಯಾಂಕೇ ಗತಿ. ತೆಳುವಾದ ತಗಡಿಗೆ ಎಷ್ಟು ತೇಪೆ ಹಾಕಿದರೂ ಪಕ್ಕದಲ್ಲೇ ಇನ್ನೊಂದು ತೂತು ತೆರೆಯುತ್ತದೆ.

ತೇಪೆಗಿಂತ ಮೊದಲು ತುಕ್ಕು ತೆಗೆಯಬೇಕು. ಹಲವರು ಇದನ್ನು ತಿರುವುಮುರುವು ಮಾಡುತ್ತಾರೆ. ಎಷ್ಟೋ ತೂತುಗಳನ್ನು ತುಕ್ಕೇ ಬಿರಡೆಯಂತೆ ಮುಚ್ಚಿಕೊಂಡಿರುತ್ತದೆ, ಆಸಿಡ್ ಬಿದ್ದಾಗಲೇ ಅವು ಬಯಲಾಗುವುದು. ಉದುರುವ ತುಕ್ಕಿಗೆ ಒಂದು ಹಿಡಿ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ ಕುಲುಕಿ, ಎಣಿಸಿಯೇ ಹೊರತೆಗೆಯಿರಿ. ನಂತರ ಕಾಕ್ ಜಾಗವನ್ನೂ ಕಂಡ ತೂತುಗಳನ್ನೂ ಮುಚ್ಚಿ, ಟ್ಯಾಂಕನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು, ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಕಂಠದವರೆಗೆ ತುಂಬಿ. ಮುಚ್ಚಳ ಬಿಗಿಯಬೇಡಿ, ಗ್ಯಾಸ್ ಹೊರಹೋಗಬೇಕು. 12ರಿಂದ 24 ಗಂಟೆ ಬಿಡಿ, ನಡುವೆ ಟಾರ್ಚ್ ಹಾಕಿ ನೋಡುತ್ತಿರಿ. ಬೂದು ಬಣ್ಣದ ಲೋಹ ಕಂಡರೆ ಸಾಕು, ಹೆಚ್ಚು ಹೊತ್ತು ಬಿಟ್ಟರೆ ಆಸಿಡ್ ಒಳ್ಳೆಯ ತಗಡನ್ನೂ ತಿನ್ನುತ್ತದೆ. ಅಲ್ಯೂಮಿನಿಯಂ ಅಥವಾ ಸತು ಲೇಪಿಸಿದ ಟ್ಯಾಂಕಿಗೆ ಈ ವಿಧಾನ ಬೇಡ.

ಆಸಿಡ್ ಚೆಲ್ಲಿದ ಕೂಡಲೇ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ, ಆಮೇಲೆ ಬರೀ ನೀರಿನಲ್ಲಿ ತೊಳೆಯಿರಿ. ಮುಂದಿನ ಹತ್ತು ನಿಮಿಷ ಕೈಬಿಡುವಂತಿಲ್ಲ. ಒದ್ದೆ ಕಬ್ಬಿಣ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಪೆಟ್ರೋಲ್ ವಾಸನೆ ಒಂದಿಷ್ಟೂ ಉಳಿದಿಲ್ಲ ಎಂದು ಖಚಿತಪಡಿಸಿಕೊಂಡು ಬ್ಲೋವರಿನಿಂದ ಬಿಸಿಗಾಳಿ ಊದಿ, ಮೂಲೆಮೂಲೆ ಒಣಗಿಸಿ.

ಈಗ ತೇಪೆ. ತೂತಿನ ಸುತ್ತ ಮೂರು ಸೆಂಟಿಮೀಟರ್ ಬಣ್ಣ ಕೆರೆದು, 80 ನಂಬರ್ ಎಮರಿ ಕಾಗದದಿಂದ ಒರಟಾಗಿಸಿ, ಅಸಿಟೋನಿನಿಂದ ಒರೆಸಿ. ಪೆಟ್ರೋಲ್ ತಡೆಯುವ ಎಪಾಕ್ಸಿ ಪುಟ್ಟಿಯನ್ನು ಒತ್ತಿ ಹಚ್ಚಿ. ಒರಟಾಗಿಸದೆ ಹಚ್ಚಿದರೆ ಅದು ಬಿಲ್ಲೆಯಂತೆ ಕಿತ್ತು ಬರುತ್ತದೆ. ಸಿಲಿಕೋನ್ ಮಾತ್ರ ಬಳಸಬೇಡಿ, ಪೆಟ್ರೋಲಿನಲ್ಲಿ ಉಬ್ಬಿ ಸಡಿಲವಾಗುತ್ತದೆ. ಪುಟ್ಟಿ ಗಟ್ಟಿಯಾದ ಮೇಲೆ ಒಳಗೆ ಟ್ಯಾಂಕ್ ಸೀಲರ್ (ಒಳಗೋಡೆಗೆ ಪದರವಾಗಿ ಅಂಟಿಕೊಳ್ಳುವ ದ್ರವ) ಸುರಿದು, ಎಲ್ಲ ಮಗ್ಗುಲಿಗೂ ನಿಧಾನವಾಗಿ ತಿರುಗಿಸಿ, ಹೆಚ್ಚಾದದ್ದನ್ನು ಪೂರ್ತಿ ಬಸಿಯಿರಿ. ತಳದಲ್ಲಿ ಮಡುಗಟ್ಟಿದ ಸೀಲರ್ ಸರಿಯಾಗಿ ಒಣಗದೆ ಮುಂದೆ ಹಪ್ಪಳದಂತೆ ಎದ್ದು ಕಾಕಿಗೆ ಸಿಕ್ಕಿಕೊಳ್ಳುತ್ತದೆ. ಡಬ್ಬಿಯ ಮೇಲೆ ಹೇಳಿದಷ್ಟು ದಿನ ಒಣಗಲು ಬಿಡಿ. ವೆಲ್ಡಿಂಗನ್ನಂತೂ ಮನೆಯಲ್ಲಿ ಯೋಚಿಸಲೇಬೇಡಿ. ಆವಿ ಹೊರಹಾಕಿ, ಒಳಗೆ ಜಡ ಅನಿಲ ತುಂಬಿಸಿಕೊಂಡು ಮಾಡುವ ಅನುಭವಿಗಳ ಕೆಲಸ ಅದು.

ಹೊಸ ಟ್ಯಾಂಕ್ ಹಾಕುವುದಾದರೂ ಕಾಕಿನ ವಾಷರ್, ಪಂಪಿನ ಓ-ರಿಂಗ್, ಬಿರುಕುಬಿಟ್ಟ ಪೈಪ್, ಕ್ಲಿಪ್ ಹಳೆಯವು ಬೇಡ. ಮುಚ್ಚಳದ ಸುತ್ತ ಬಿದ್ದ ಮಳೆನೀರು ಹೋಗಲು ಸಣ್ಣ ಕೊಳವೆ ಇದ್ದರೆ ಅಲ್ಲಿ ಅರ್ಧ ಲೋಟ ನೀರು ಸುರಿದು ನೋಡಿ. ಕೆಳಗೆ ತೊಟ್ಟಿಕ್ಕದಿದ್ದರೆ ಕೊಳವೆ ಕಟ್ಟಿದೆ, ನೀರು ಟ್ಯಾಂಕಿಗಿಳಿಯುವ ದಾರಿ ಇದೇ ಆಗಿರಬಹುದು. ತೆಳು ತಂತಿ ಆಡಿಸಿ ಬಿಡಿಸಿ.

ಮೊದಲು ಎರಡು ಲೀಟರ್ ಮಾತ್ರ ಹಾಕಿ, ಅಡಿಗೆ ಕಾಗದ ಹಾಸಿ ರಾತ್ರಿಯಿಡೀ ಹೊರಗೆ ಬಿಡಿ. ಕಾಗದದಲ್ಲಿ ಕಲೆ ಇಲ್ಲದಿದ್ದರೆ ತುಂಬಿಸಬಹುದು. ಕಾರ್ಬ್ಯುರೇಟರ್ ಬೈಕಾದರೆ ಲೈನಿಗೆ ಪಾರದರ್ಶಕ ಫಿಲ್ಟರ್ ಸೇರಿಸಿ. ಮೊದಲ ಕೆಲವು ದಿನ ಅದರಲ್ಲಿ ಕಂದು ಪುಡಿ ಕೂತರೆ ಫಿಲ್ಟರ್ ಬದಲಿಸಿ. ಬದಲಿಸಿದ ಮೇಲೂ ಪುಡಿ ಬರುತ್ತಲೇ ಇದ್ದರೆ ತುಕ್ಕು ಇನ್ನೂ ಒಳಗಿದೆ, ಟ್ಯಾಂಕನ್ನು ಮತ್ತೆ ಇಳಿಸಬೇಕು.